ಈ ಕಲ್ಲು ಗಾಜೋ ಬೆಣಚುಕಲ್ಲೋ? ಒಳಗೊಂದು ಗುಳ್ಳೆ ಇದೆ

ಕಲ್ಲುಹಾದಿ
ಎಲ್ಲರಿಗೂ ನಮಸ್ಕಾರ. ಮೊನ್ನೆ ಜೋರು ಮಳೆಗೆ ಮಣ್ಣು ಕೊಚ್ಚಿಹೋದ ಜಾಗದಲ್ಲಿ ನಡೆಯುತ್ತಿದ್ದಾಗ ಒಂದು ಕಲ್ಲು ಸಿಕ್ಕಿತು. ನನ್ನ ಹೆಬ್ಬೆರಳಿನಷ್ಟು ಉದ್ದ. ಆರು ಮಗ್ಗುಲು. ಒಂದು ತುದಿ ಹೆರೆದ ಪೆನ್ಸಿಲ್ ಹಾಗೆ ಚೂಪು, ಇನ್ನೊಂದು ತುದಿ ಮುರಿದಿದೆ. ಬುಡದಲ್ಲಿ ಹಾಲು ಬೆರೆಸಿದ ಹಾಗೆ ಬೆಳ್ಳಗಿದೆ, ತುದಿಯತ್ತ ಹೋದಂತೆ ತಿಳಿನೀರಿನ ಹಾಗಿದೆ. ಸ್ಫಟಿಕವೇ ಸಿಕ್ಕಿತು ಅಂತ ಖುಷಿಪಟ್ಟೆ.

ತಂದು ತೊಳೆದು ಭೂತಗನ್ನಡಿಯಲ್ಲಿ ನೋಡಿದರೆ ಒಳಗೊಂದು ಗುಳ್ಳೆ! ಸಾಸಿವೆ ಕಾಳಿಗಿಂತ ಚಿಕ್ಕದು. ಗುಳ್ಳೆ ಇದ್ದರೆ ಗಾಜು ಅಂತ ಕೇಳಿದ್ದೆ. ಹಾಗಾದರೆ ಇದು ಯಾರೋ ಎಸೆದ ಗಾಜಿನ ತುಂಡಾ? ತಿಳಿದವರು ಹೇಳಿ. ಮನೆಯಲ್ಲೇ ಮಾಡುವಂಥ ಪರೀಕ್ಷೆ ಇದ್ದರೆ ಇನ್ನೂ ಒಳ್ಳೆಯದು.

ಬೆಣಚುಪ್ರಿಯ
ಪರೀಕ್ಷೆ ಇದೆ, ಸುಲಭ. ಒಂದು ಹಳೇ ಗಾಜಿನ ಬಾಟಲಿ ತಗೊಳ್ಳಿ. ಕಲ್ಲಿನ ಮುರಿದ ಕಡೆಯ ಅಂಚಿನಿಂದ ಅದರ ಮೇಲೆ ಒತ್ತಿ ಗೀರಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಈ ಒರೆಸುವುದನ್ನು ಮರೆಯಬೇಡಿ. ಎಷ್ಟೋ ಸಲ ಕಲ್ಲೇ ಸವೆದು ಅದರ ಬಿಳಿ ಪುಡಿ ಗೆರೆಯಂತೆ ಕೂತಿರುತ್ತದೆ, ನಾವು ಗೀರು ಬಿತ್ತು ಅಂದುಕೊಳ್ಳುತ್ತೇವೆ. ಒರೆಸಿದ ಮೇಲೂ ಉಗುರಿಗೆ ತಾಗುವ ಗೀರು ಉಳಿದಿದ್ದರೆ ಕಲ್ಲು ಗಾಜಿಗಿಂತ ಗಟ್ಟಿ ಎಂದರ್ಥ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚುಕಲ್ಲು 7, ಸಾಮಾನ್ಯ ಗಾಜು ಸುಮಾರು 5.5.

ಇನ್ನೊಂದು ಪರೀಕ್ಷೆ ಕೆನ್ನೆಯದು. ಕಲ್ಲನ್ನೂ ಅಷ್ಟೇ ದೊಡ್ಡ ಗಾಜಿನ ತುಂಡನ್ನೂ ನೆರಳಲ್ಲಿ ಒಂದು ಗಂಟೆ ಪಕ್ಕಪಕ್ಕ ಇಡಿ. ಆಮೇಲೆ ಒಂದೊಂದಾಗಿ ಕೆನ್ನೆಗೆ ಮುಟ್ಟಿಸಿ. ಬೆಣಚುಕಲ್ಲು ನಮ್ಮ ಮೈಯ ಬಿಸಿಯನ್ನು ಗಾಜಿಗಿಂತ ಹಲವು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹಾಗಾಗಿ ಅದೇ ಜಾಸ್ತಿ ತಣ್ಣಗೆ ಅನ್ನಿಸುತ್ತದೆ.

ಹೊಸಬ_07
ನೀರಲ್ಲಿ ಮುಳುಗಿಸಿ ತೂಕ ನೋಡಿ ಸಾಂದ್ರತೆ ಕಂಡುಹಿಡಿದರೆ ಇನ್ನೂ ನಿಖರವಾಗಿ ಗೊತ್ತಾಗುವುದಿಲ್ಲವೇ?

ಬೆಣಚುಪ್ರಿಯ
ಇಲ್ಲಿ ಅದು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಬೆಣಚುಕಲ್ಲಿನ ಸಾಂದ್ರತೆ 2.65, ಸಾಮಾನ್ಯ ಗಾಜಿನದು ಸುಮಾರು 2.5, ನೋಡಲು ಹೀಗೇ ಕಾಣಬಹುದಾದ ಸುಣ್ಣದ ಖನಿಜ ಕ್ಯಾಲ್ಸೈಟ್‌ದು 2.71. ಮನೆಯ ತಕ್ಕಡಿಯಲ್ಲಿ ಇವನ್ನು ಬೇರೆ ಮಾಡುವುದು ಕಷ್ಟ. ಕ್ಯಾಲ್ಸೈಟ್ ಅನ್ನುವ ಅನುಮಾನ ಇದ್ದರೆ ಗೀರಿ ನೋಡುವುದೇ ಮೇಲು. ಅದು ಬರೀ 3, ಚಾಕು ತಾಗಿಸಿದರೆ ಸಾಕು ಗೀರು ಬೀಳುತ್ತದೆ. ಮೇಲೆ ವಿನೆಗರ್ ಹಾಕಿದರೆ ನಿಧಾನಕ್ಕೆ ಗುಳ್ಳೆ ಏಳುತ್ತವೆ. ಬೆಣಚುಕಲ್ಲಿಗೆ ವಿನೆಗರ್ ಹಾಕಿದರೆ ಏನೂ ಆಗುವುದಿಲ್ಲ.

ಶಿಲಾಪಾಠ
ಕಲ್ಲುಹಾದಿ ಅವರೇ, ಗೀರುವ ಮೊದಲು ಭೂತಗನ್ನಡಿಯನ್ನೇ ಇನ್ನೊಂದು ಸಲ ಕೈಗೆ ತಗೊಳ್ಳಿ. ಮೂರು ವಿಷಯ ನೋಡಿ ಹೇಳಿ.

ಉದ್ದದ ಮಗ್ಗುಲುಗಳ ಮೇಲೆ ಅಡ್ಡಕ್ಕೆ ಸಣ್ಣ ಸಣ್ಣ ಗೆರೆಗಳಿವೆಯಾ? ಬೆಳಕಿಗೆ ಓರೆ ಹಿಡಿದರೆ ಮೆಟ್ಟಿಲಿನ ಹಾಗೆ ಕಾಣುತ್ತವೆ. ಅದು ಬೆಣಚುಕಲ್ಲು ಬೆಳೆಯುವಾಗ ಉಳಿಯುವ ಗುರುತು. ಗಾಜನ್ನು ಆರು ಮಗ್ಗುಲಾಗಿ ಉಜ್ಜಿದವರು ಇಂಥ ಗೆರೆ ಮಾಡುವುದಿಲ್ಲ.

ಎರಡನೆಯದು, ಅಕ್ಕಪಕ್ಕದ ಮಗ್ಗುಲುಗಳ ನಡುವಿನ ಕೋನ. ಗಟ್ಟಿ ರಟ್ಟಿನಲ್ಲಿ 120 ಡಿಗ್ರಿಯ ಕೋನ ಕತ್ತರಿಸಿ ಒಂದೊಂದೇ ಅಂಚಿಗೆ ಕೂರಿಸಿ ನೋಡಿ. ಹರಳು ಸೊಟ್ಟಗಿರಬಹುದು, ಒಂದು ಮಗ್ಗುಲು ಅಗಲ, ಪಕ್ಕದ್ದು ದಾರದಷ್ಟು ಸಪೂರ ಇರಬಹುದು. ಆದರೂ ಕೋನ ಮಾತ್ರ ಬದಲಾಗುವುದಿಲ್ಲ. ಇದನ್ನು ಗುರುತಿಸಿ ಬರೆದವರು ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ, 1669ರಲ್ಲಿ. ಪರಮಾಣು ಅಂದರೇನು ಎಂದು ಯಾರಿಗೂ ಗೊತ್ತಿಲ್ಲದ ಕಾಲ. ಆದರೂ ಹರಳಿನ ಒಳಗೆ ಏನೋ ಒಂದು ಕಟ್ಟುನಿಟ್ಟಾದ ಜೋಡಣೆ ಇದೆ ಅನ್ನುವ ಸುಳಿವು ಅಲ್ಲೇ ಸಿಕ್ಕಿತ್ತು. ನನಗೆ ಇವತ್ತಿಗೂ ಈ ವಿಷಯ ಹೇಳುವಾಗ ಮೈ ಜುಮ್ ಅನ್ನುತ್ತದೆ.

ಮೂರನೆಯದೇ ಮುಖ್ಯ. ಆ ಗುಳ್ಳೆ ಅಲುಗುತ್ತದೆಯಾ? ಕಲ್ಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿ ನೋಡಿ.

ಕಲ್ಲುಹಾದಿ
ಮೇಷ್ಟ್ರೇ, ನಂಬುವುದಕ್ಕೇ ಆಗುತ್ತಿಲ್ಲ. ಅಲುಗುತ್ತದೆ! ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು ವಾಲಿಸಿದೆ. ಒಳಗೆ ಅಕ್ಕಿಯ ನುಚ್ಚಿನಷ್ಟು ಒಂದು ಪೊಟರೆ ಇದೆ. ಗುಳ್ಳೆ ಅದರ ಒಂದು ಮೂಲೆಯಿಂದ ಹೊರಟು ಮೇಲಿನ ಮೂಲೆಗೆ ಹೋಗಿ ನಿಂತಿತು. ತಿರುಗಿಸಿದರೆ ವಾಪಸ್ ಬಂತು. ಬಡಗಿಯ ರಸಮಟ್ಟದಲ್ಲಿ ಗುಳ್ಳೆ ಓಡುವ ಹಾಗೆಯೇ. ಹತ್ತು ಸಲ ಮಾಡಿ ನೋಡಿದೆ.

ಅಡ್ಡ ಗೆರೆಗಳೂ ಇವೆ. ರಟ್ಟಿನ ಕೋನ ಐದು ಅಂಚಿಗೆ ಸರಿಯಾಗಿ ಕೂತಿತು, ಆರನೆಯ ಅಂಚು ಚಕ್ಕೆ ಎದ್ದಿದೆ. ಬಾಟಲಿಯ ಮೇಲೆ ಗೀರು ಬಿತ್ತು, ಒರೆಸಿದರೂ ಹೋಗಲಿಲ್ಲ.

ಶಿಲಾಪಾಠ
ಹಾಗಾದರೆ ಅನುಮಾನ ಬೇಡ, ಅದು ಬೆಣಚುಕಲ್ಲಿನ ಹರಳೇ. ಗಾಜಿನ ಗುಳ್ಳೆ ಗಾಳಿಯದು. ಗಾಜು ಗಟ್ಟಿಯಾಗುವಾಗ ಸಿಕ್ಕಿಹಾಕಿಕೊಂಡು ಇದ್ದಲ್ಲೇ ಇರುತ್ತದೆ. ನಿಮ್ಮ ಗುಳ್ಳೆ ನೀರಿನೊಳಗೆ ತೇಲುತ್ತಿದೆ. ಆ ಪೊಟರೆಯಲ್ಲಿರುವುದು ಹರಳು ಬೆಳೆದ ಅದೇ ನೀರು.

ಇದು ಹೇಗೆ ಆಯಿತು ಅಂತ ಹೇಳುತ್ತೇನೆ. ನೆಲದಾಳದಲ್ಲಿ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಓಡಾಡುತ್ತದೆ. ಮೇಲೆ ಭಾರೀ ಒತ್ತಡ ಇರುವುದರಿಂದ 200, 300 ಡಿಗ್ರಿ ಆದರೂ ಅದು ಕುದಿದು ಆವಿಯಾಗಿ ಹೋಗುವುದಿಲ್ಲ. ಅಂಥ ನೀರು ಬಂಡೆಯಿಂದ ಸಿಲಿಕಾವನ್ನು, ಅಂದರೆ ಬೆಣಚುಕಲ್ಲು ಆಗಿರುವ ಅದೇ ವಸ್ತುವನ್ನು, ಕರಗಿಸಿಕೊಳ್ಳುತ್ತದೆ. ನಮ್ಮ ಲೋಟದ ನೀರಿನಲ್ಲಿ ಬೆಣಚುಕಲ್ಲು ಹಾಕಿಟ್ಟರೆ ಕರಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅದು ಎಷ್ಟೋ ಪಟ್ಟು ಏರುತ್ತದೆ. ಆ ನೀರು ಮೇಲಕ್ಕೆ ಬಂದು ತಣಿದಾಗ ಸಿಲಿಕಾವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಬಿರುಕಿನ ಗೋಡೆಯ ಮೇಲೆ ಬಿಟ್ಟುಹೋಗುತ್ತದೆ. ಹೀಗೆ ಬಿಡುತ್ತಾ ಬಿಡುತ್ತಾ ಬಿರುಕು ಪೂರ್ತಿ ತುಂಬಿದರೆ ನಾವು ಬಂಡೆಗಳಲ್ಲಿ ನೋಡುವ ಬಿಳಿ ಪಟ್ಟೆ. ನಡುವೆ ಜಾಗ ಉಳಿದರೆ ಅಲ್ಲಿ ಚೂಪು ತುದಿಯ ಹರಳು.

ನಿಮ್ಮದರ ಬುಡ ಯಾಕೆ ಬೆಳ್ಳಗಿದೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಅವಸರದಲ್ಲಿ ಬೆಳೆದ ಹರಳು ಸುತ್ತಲಿನ ನೀರನ್ನು ಲಕ್ಷಾಂತರ ಸಣ್ಣ ಹನಿಗಳಾಗಿ ಒಳಗೇ ಮುಚ್ಚಿಬಿಡುತ್ತದೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಹಾಲಿನ ಬಣ್ಣ. ನಿಧಾನಕ್ಕೆ ಬೆಳೆದ ಭಾಗದಲ್ಲಿ ಹನಿ ಕಡಿಮೆ, ಅದಕ್ಕೇ ತಿಳಿ. ನಿಮ್ಮ ಹರಳು ಮೊದಲು ಬೇಗ ಬೆಳೆದು ಆಮೇಲೆ ನಿಧಾನಿಸಿದೆ. ಗುಳ್ಳೆ ಇರುವ ಪೊಟರೆ ಅಂಥದೇ ಒಂದು ದೊಡ್ಡ ಹನಿ.

ಹೊಸಬ_07
ಮೇಷ್ಟ್ರೇ, ನೀರು ಸರಿ. ಆ ನೀರಿನ ಒಳಗೆ ಗುಳ್ಳೆ ಎಲ್ಲಿಂದ ಬಂತು?

ಶಿಲಾಪಾಠ
ಒಳ್ಳೆ ಪ್ರಶ್ನೆ. ಪೊಟರೆ ಮುಚ್ಚಿಕೊಂಡಾಗ ಗುಳ್ಳೆ ಇರಲಿಲ್ಲ, ಬಿಸಿನೀರು ಪೂರ್ತಿ ತುಂಬಿತ್ತು. ತಣಿದಾಗ ನೀರು ಕುಗ್ಗಿತು. ಕಲ್ಲು ಅಷ್ಟು ಕುಗ್ಗಲಿಲ್ಲ. ಉಳಿದ ಖಾಲಿ ಜಾಗವೇ ಗುಳ್ಳೆ. ಅದರಲ್ಲಿರುವುದು ಆವಿ.

ಇಂಗ್ಲೆಂಡಿನ ಹೆನ್ರಿ ಸೋರ್ಬಿ 1858ರಲ್ಲಿ ಇದನ್ನೇ ತಿರುಗಿಸಿ ಯೋಚಿಸಿದರು. ಹರಳನ್ನು ಮತ್ತೆ ನಿಧಾನಕ್ಕೆ ಬಿಸಿ ಮಾಡುತ್ತಾ ಹೋದರೆ ನೀರು ಹಿಗ್ಗಿ ಗುಳ್ಳೆ ಚಿಕ್ಕದಾಗುತ್ತಾ ಬಂದು ಒಂದು ಹಂತದಲ್ಲಿ ಮಾಯವಾಗುತ್ತದೆ. ಹರಳು ಕನಿಷ್ಠ ಅಷ್ಟು ಬಿಸಿಯಲ್ಲಿ ಹುಟ್ಟಿತ್ತು ಎಂದು ಅಲ್ಲಿಗೆ ಗೊತ್ತಾಯಿತು. ಈಗಲೂ ಪ್ರಯೋಗಾಲಯಗಳಲ್ಲಿ ತೆಳು ಬಿಲ್ಲೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಕಾಯಿಸಿ ಇದೇ ಕೆಲಸ ಮಾಡುತ್ತಾರೆ.

ಕಲ್ಲುಹಾದಿ ಅವರೇ, ನೀವು ಮಾತ್ರ ಮನೆಯಲ್ಲಿ ಕಾಯಿಸಲು ಹೋಗಬೇಡಿ. ಒಳಗಿನ ಒತ್ತಡಕ್ಕೆ ಹರಳು ಸಿಡಿಯುತ್ತದೆ. ಬಿಸಿಲಲ್ಲೂ ತುಂಬಾ ಹೊತ್ತು ಇಡದಿದ್ದರೆ ಒಳ್ಳೆಯದು.

ಮಣ್ಣುಚಕ್ರ
ಕಾಯಿಸುವ ಮಾತು ಬಂದಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಾನು ಮಣ್ಣಿನ ಪಾತ್ರೆ ಮಾಡುವವಳು. ನಾವು ಆವಿಗೆಯಲ್ಲಿ 573 ಡಿಗ್ರಿ ಅನ್ನುವ ಸಂಖ್ಯೆಗೆ ಹೆದರುತ್ತೇವೆ. ಜೇಡಿಯಲ್ಲಿ ಬೆಣಚುಕಲ್ಲಿನ ಪುಡಿ ಇದ್ದೇ ಇರುತ್ತದೆ. ಆ ಬಿಸಿಗೆ ಬಂದಾಗ ಅದರ ಒಳಜೋಡಣೆ ತಟ್ಟನೆ ಬದಲಾಗಿ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಅವಸರ ಮಾಡಿದರೆ ಪಾತ್ರೆ ಬಿರಿಯುತ್ತದೆ. ಒಂದು ಸಲ ಆವಿಗೆಯ ಬಾಗಿಲು ಬೇಗ ತೆರೆದೆ. ಟಿಕ್ ಅಂತ ಒಂದು ಶಬ್ದ ಅಷ್ಟೇ. ಅಗಲದ ತಟ್ಟೆ ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಆ ಬಿರುಕಿನ ಅಂಚು ಬ್ಲೇಡಿನಷ್ಟು ಹರಿತವಾಗಿತ್ತು. ತಣಿಯುವಾಗ ಬಿಟ್ಟ ಬಿರುಕು ಅಂತ ಅದರಿಂದಲೇ ಗುರುತು ಸಿಗುತ್ತದೆ. ಈಗ 600ರಿಂದ 500ಕ್ಕೆ ಇಳಿಯುವಾಗ ಆವಿಗೆಯ ಹತ್ತಿರವೂ ಸುಳಿಯುವುದಿಲ್ಲ.

ಪಚ್ಚೆತೆನೆ
ಬೆಣಚುಕಲ್ಲು ಇಷ್ಟು ಗಟ್ಟಿ ಯಾಕೆ? ಅಭ್ರಕ ಉಗುರಲ್ಲೇ ಪದರ ಪದರವಾಗಿ ಬಿಡಿಸಲು ಬರುತ್ತದೆ. ಎರಡರಲ್ಲೂ ಸಿಲಿಕಾನ್ ಮತ್ತು ಆಮ್ಲಜನಕವೇ ಮುಖ್ಯ ಅಲ್ವಾ?

ಬೆಣಚುಪ್ರಿಯ
ಕಟ್ಟಿರುವ ರೀತಿ ಬೇರೆ. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಆಮ್ಲಜನಕ. ಪ್ರತಿ ಆಮ್ಲಜನಕವೂ ಪಕ್ಕದ ಇನ್ನೊಂದು ಸಿಲಿಕಾನ್ ಜೊತೆ ಪಾಲು. ನಾಲ್ಕು ಅರ್ಧ ಸೇರಿ ಎರಡು, ಹಾಗಾಗಿ ಲೆಕ್ಕದಲ್ಲಿ ಒಂದು ಸಿಲಿಕಾನ್‌ಗೆ ಎರಡು ಆಮ್ಲಜನಕ. ಅಭ್ರಕದಲ್ಲಿ ಈ ಹೆಣಿಗೆ ಹಾಳೆಯಂತೆ ಹರಡಿದೆ, ಹಾಳೆ ಹಾಳೆಗಳ ನಡುವಿನ ಹಿಡಿತ ಸಡಿಲ. ಬೆಣಚುಕಲ್ಲಿನಲ್ಲಿ ಹೆಣಿಗೆ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಲ್ಲಾ ಕಡೆಗೂ ಅಷ್ಟೇ ಬಿಗಿ. ಸಡಿಲವಾದ ಪದರವೇ ಇಲ್ಲ. ಅದಕ್ಕೇ ಒಡೆದರೆ ನೇರವಾಗಿ ಸೀಳುವುದಿಲ್ಲ, ಕಪ್ಪೆಚಿಪ್ಪಿನ ಒಳಮೈ ಹಾಗೆ ಬಾಗಿ ಮುರಿಯುತ್ತದೆ. ಕಲ್ಲುಹಾದಿ ಅವರ ಹರಳಿನ ಮುರಿದ ತುದಿಯಲ್ಲೂ ಆ ಬಾಗು ಇರಬೇಕು.

ಈ ಹೆಣಿಗೆ ಸುರುಳಿಯಂತೆ ಸುತ್ತಿಕೊಂಡು ಹೋಗುತ್ತದೆ. ಕೆಲವು ಹರಳಿನಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಒಂದು ಇನ್ನೊಂದರ ಕನ್ನಡಿಬಿಂಬ.

ಮುಳ್ಳುಗಡಿಯಾರ
ಆ ಸುರುಳಿ ಇರುವುದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ಗಡಿಯಾರ ರಿಪೇರಿ ನನ್ನ ಕೆಲಸ.

ಬ್ಯಾಟರಿ ಗಡಿಯಾರದ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಲೋಹದ ಕೊಳವೆ ಇರುತ್ತದೆ, ಎರಡು ಸಪೂರ ಕಾಲು. ಕೆಟ್ಟುಹೋದ ಒಂದನ್ನು ಹುಷಾರಾಗಿ ಬಿಚ್ಚಿ ನೋಡಿದ್ದೆ. ಒಳಗೆ ಎರಡು ಕವಲಿನ ಕವಣೆಯಂಥ ಆಕಾರದಲ್ಲಿ ಕೊಯ್ದ ಬೆಣಚುಕಲ್ಲಿನ ತೆಳು ಚೂರು, ಮೇಲೆ ಲೋಹದ ಲೇಪ. ಚಿಮಟದಲ್ಲಿ ಹಿಡಿದರೆ ಉಸಿರಿಗೇ ಹಾರಿಹೋಗುವಷ್ಟು ಹಗುರ.

ಬೆಣಚುಕಲ್ಲನ್ನು ಸರಿಯಾದ ದಿಕ್ಕಿನಲ್ಲಿ ಒತ್ತಿದರೆ ಅದರ ಮೈಮೇಲೆ ವಿದ್ಯುತ್ ಕಾಣಿಸಿಕೊಳ್ಳುತ್ತದೆ. ಇದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದರು. ಅದರ ತಿರುವುಮುರುವೂ ನಿಜ, ವಿದ್ಯುತ್ ಕೊಟ್ಟರೆ ಕಲ್ಲು ಒಂಚೂರು ಬಾಗುತ್ತದೆ. ಗಡಿಯಾರದ ಕವಲು ಹೀಗೆ ಬಾಗಿ ಬಾಗಿ ಸೆಕೆಂಡಿಗೆ 32,768 ಸಲ ನಡುಗುತ್ತದೆ. ಇದು ಯಾಕೆ ಇಷ್ಟು ವಿಚಿತ್ರ ಸಂಖ್ಯೆ ಗೊತ್ತಾ? ಅರ್ಧ ಮಾಡುತ್ತಾ ಹೋಗಿ. 16,384, 8,192... ಹದಿನೈದನೇ ಸಲಕ್ಕೆ ಸರಿಯಾಗಿ ಒಂದು ಬರುತ್ತದೆ. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ.

ಮೊದಲ ಬೆಣಚುಕಲ್ಲಿನ ಗಡಿಯಾರವನ್ನು 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮತ್ತು ಜೊತೆಗಾರರು ಮಾಡಿದರು. ಅದನ್ನು ಕೈಗೆ ಕಟ್ಟುವಷ್ಟು ಚಿಕ್ಕದು ಮಾಡಲು ನಲವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಸೀಕೋ ಕಂಪನಿಯ ಆಸ್ಟ್ರಾನ್ ಬಂತು.

ತಂಗಾಳಿ
ಹರಳು ತಾನಾಗೇ ನಡುಗುತ್ತಿರುತ್ತದೆ, ಅದರ ಕಂಪನ ನಮ್ಮ ಮೈಗೆ ಒಳ್ಳೆಯದು ಅಂತ ನನ್ನ ಗೆಳತಿ ಹೇಳುತ್ತಾಳೆ. ಗಡಿಯಾರದ ವಿಷಯ ಓದಿದಾಗ ಅದೇ ನಿಜ ಇರಬಹುದಾ ಅನ್ನಿಸಿತು.

ಮುಳ್ಳುಗಡಿಯಾರ
ಇಲ್ಲ ತಂಗ್ಯಮ್ಮ. ಬ್ಯಾಟರಿ ತೆಗೆದ ಕ್ಷಣವೇ ನಡುಕ ನಿಲ್ಲುತ್ತದೆ. ಕಲ್ಲು ಸುಮ್ನೆ ಕೂತಾಗ ಸುಮ್ನೆ ಕೂತಿರುತ್ತದೆ. ಹೊರಗಿನಿಂದ ತಳ್ಳಿದರೆ ಮಾತ್ರ, ತಳ್ಳಿದಷ್ಟು ಹೊತ್ತು ಮಾತ್ರ. ಕೈಯಲ್ಲಿ ಹಿಡಿದು ಮನಸ್ಸಿಗೆ ಹಿತ ಅನ್ನಿಸಿದರೆ ಹಿಡಿದುಕೊಳ್ಳಲಿ, ಚೆಂದದ ವಸ್ತು. ಕಾಯಿಲೆಗೆ ಔಷಧಿ ಬಿಡಬಾರದು ಅಷ್ಟೇ.

ಪಚ್ಚೆತೆನೆ
ಹಾಗಾದರೆ ಇಷ್ಟೊಂದು ಗಡಿಯಾರಕ್ಕೆ ಕಲ್ಲನ್ನು ಗಣಿಯಿಂದಲೇ ತೆಗೆಯುತ್ತಾರಾ?

ಶಿಲಾಪಾಠ
ಈಗ ಇಲ್ಲ. ಎರಡನೇ ಮಹಾಯುದ್ಧದಲ್ಲಿ ರೇಡಿಯೋಗಳಿಗೆ ಬೇಕಾದ ಹರಳು ಹೆಚ್ಚಾಗಿ ಬ್ರೆಜಿಲಿನ ಗಣಿಗಳಿಂದ ಬರುತ್ತಿತ್ತು. ಹೊರಗಿನಿಂದ ಅಪ್ಪಟವಾಗಿ ಕಾಣುವ ಹರಳಿನಲ್ಲೂ ಒಳಗೆ ಎರಡು ಹರಳು ಬೆಸೆದುಕೊಂಡಿರುವುದು ಸಾಮಾನ್ಯ, ಅಂಥದ್ದು ಈ ಕೆಲಸಕ್ಕೆ ಆಗುವುದಿಲ್ಲ. ಈಗ ದಪ್ಪ ಉಕ್ಕಿನ ಪಾತ್ರೆಯಲ್ಲಿ ಬೆಳೆಸುತ್ತಾರೆ. ತಳದಲ್ಲಿ ಬೆಣಚುಕಲ್ಲಿನ ಚೂರು, ಮೇಲೆ ಬೀಜದಂತೆ ನೇತುಹಾಕಿದ ತೆಳು ಬಿಲ್ಲೆಗಳು, ನಡುವೆ ಕ್ಷಾರ ಬೆರೆತ ನೀರು. ಸುಮಾರು 350 ಡಿಗ್ರಿ ಬಿಸಿ, ಸಾವಿರ ವಾಯುಭಾರಕ್ಕೂ ಜಾಸ್ತಿ ಒತ್ತಡ. ತಳ ಸ್ವಲ್ಪ ಜಾಸ್ತಿ ಬಿಸಿ ಇರುವುದರಿಂದ ಅಲ್ಲಿ ಕರಗಿದ್ದು ಮೇಲೆ ಬಂದು ಬೀಜಕ್ಕೆ ಹತ್ತುತ್ತದೆ. ದಿನಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ನೆಲದಾಳದ ಬಿರುಕಿನಲ್ಲಿ ನಡೆಯುವುದೂ ಇದೇ ಅಡುಗೆ.

ಹೊಸಬ_07
ನೇರಳೆ ಬಣ್ಣದ ಅಮೆಥಿಸ್ಟ್ ಕೂಡ ಬೆಣಚುಕಲ್ಲೇ ಅಂತಾರೆ. ಬಣ್ಣ ಎಲ್ಲಿಂದ?

ಬೆಣಚುಪ್ರಿಯ
ಒಂಚೂರು ಕಬ್ಬಿಣ, ಜೊತೆಗೆ ಸುತ್ತಲಿನ ಬಂಡೆಯಿಂದ ಬರುವ ಸಹಜ ವಿಕಿರಣ. ಎರಡೂ ಸೇರಿದರೆ ನೇರಳೆ. ಅದನ್ನೇ 400, 500 ಡಿಗ್ರಿಗೆ ಕಾಯಿಸಿದರೆ ಹಳದಿಯಾಗುತ್ತದೆ. ಸಿಟ್ರಿನ್ ಎಂದು ಮಾರುವ ಎಷ್ಟೋ ಕಲ್ಲು ಹೀಗೆ ಕಾಯಿಸಿದ ಅಮೆಥಿಸ್ಟೇ. ಕಬ್ಬಿಣದ ಬದಲು ಅಲ್ಯೂಮಿನಿಯಂ ಇದ್ದು ವಿಕಿರಣ ತಾಗಿದರೆ ಹೊಗೆ ಬಣ್ಣ. ಅಮೆಥಿಸ್ಟ್ ಬಿಸಿಲಲ್ಲಿ ತುಂಬಾ ದಿನ ಇಟ್ಟರೆ ಬಣ್ಣ ಮಾಸುತ್ತದೆ, ಕಿಟಕಿಯಲ್ಲಿ ಇಡಬೇಡಿ.

ಹೊಳೆದಂಡೆ
ಎಲ್ಲರೂ ಹರಳಿನ ಬಗ್ಗೆ ಮಾತಾಡುತ್ತಿದ್ದೀರಿ, ಮರಳನ್ನು ಮರೆಯಬೇಡಿ. ಗ್ರಾನೈಟ್ ಬಂಡೆ ಮಳೆ ಬಿಸಿಲಿಗೆ ಸವೆದಾಗ ಅದರಲ್ಲಿರುವ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಬೆಣಚುಕಲ್ಲಿನ ಕಣಗಳು ಮಾತ್ರ ಹಾಗೇ ಉಳಿದು ಹೊಳೆ ಹಿಡಿದು ಸಾಗುತ್ತವೆ. ಪಚ್ಚೆತೆನೆ ಕೇಳಿದ ಗಟ್ಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಹೂತುಹೋದ ಮರಳಿನ ಕಣ ಸುತ್ತಲಿನ ಮಣ್ಣಿನ ವಿಕಿರಣವನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕೂಡಿಡುತ್ತದೆ. ಬಿಸಿಲು ಬಿದ್ದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಕತ್ತಲಲ್ಲಿ ಅಗೆದು ತೆಗೆದು ಪ್ರಯೋಗಾಲಯದಲ್ಲಿ ಅದರ ಮೇಲೆ ಬೆಳಕು ಬಿಟ್ಟರೆ ಕೂಡಿಟ್ಟದ್ದನ್ನು ಮಿಣುಕು ಬೆಳಕಾಗಿ ಹೊರಹಾಕುತ್ತದೆ. ಅದನ್ನು ಅಳೆದರೆ ಆ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಸಾವಿರ ವರ್ಷ ಆಯಿತು ಅಂತ ಹೇಳಬಹುದು. 1985ರಿಂದ ಈ ವಿಧಾನ ಬಳಕೆಗೆ ಬಂತು.

ಉಳಿಸುತ್ತಿಗೆ
ನಾನು ಕಲ್ಲು ಕೊಯ್ಯುವ ಕೆಲಸ ಮಾಡಿದವನು. ಇಲ್ಲಿ ಹೊಸಬರು ಇದ್ದೀರಿ, ದಯವಿಟ್ಟು ಇದನ್ನು ಓದಿ. ಸಿಕ್ಕಿದ ಕಲ್ಲನ್ನು ಒಣದಾಗಿ ಕೊಯ್ಯಬೇಡಿ, ಉಜ್ಜಬೇಡಿ. ಬೆಣಚುಕಲ್ಲಿನ ನಯವಾದ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ, ಕರಗುವುದಿಲ್ಲ. ಸುತ್ತ ಗಾಯವಾಗಿ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ, ಅದನ್ನು ಗುಣ ಮಾಡುವ ಔಷಧಿ ಇಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 1997ರಲ್ಲೇ ಈ ಧೂಳು ಸೇರಿದೆ.

ನನ್ನ ಜೊತೆ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಣ್ಣನಿಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅವತ್ತು ನಮಗೆ ಯಾರೂ ಹೇಳಲಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕು ಅಂದುಕೊಂಡಿದ್ದೆವು. ಸಾಕಾಗುವುದಿಲ್ಲ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ್ದೇ ಅಪಾಯ. ನೀರು ಬಿಟ್ಟುಕೊಂಡೇ ಕೊಯ್ಯಬೇಕು, ಮುಖಕ್ಕೆ ಬಿಗಿಯಾಗಿ ಕೂರುವ ಸರಿಯಾದ ಮಾಸ್ಕ್ ಹಾಕಬೇಕು, ಕೆಸರು ಒಣಗುವ ಮೊದಲೇ ತೊಳೆಯಬೇಕು. ಬೆಣಚುಕಲ್ಲಿನ ಪುಡಿಗೆ ಅಂಟು ಬೆರೆಸಿ ಮಾಡುವ ಹಲಗೆಗಳನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಮಣ್ಣುಚಕ್ರ
ಅಣ್ಣಾ, ಹೇಳಿದ್ದು ಒಳ್ಳೆಯದಾಯಿತು. ನಾನೂ ಇನ್ನುಮೇಲೆ ಒಣ ಜೇಡಿಪುಡಿ ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲೇ ಒರೆಸುತ್ತೇನೆ.

ಕಲ್ಲುಹಾದಿ
ಉಳಿಸುತ್ತಿಗೆ ಅಣ್ಣ, ಬುಡ ಸ್ವಲ್ಪ ಉಜ್ಜಿ ನಯ ಮಾಡಬೇಕು ಅಂದುಕೊಂಡಿದ್ದೆ. ಮಾಡುವುದಿಲ್ಲ. ಅಲ್ಲಿ ಬೆಣಚುಪ್ರಿಯ ಹೇಳಿದ ಚಿಪ್ಪಿನ ಬಾಗು ಚೆನ್ನಾಗಿ ಕಾಣುತ್ತಿದೆ, ಅದು ಹಾಗೇ ಇರಲಿ.

ಬೆಣಚುಪ್ರಿಯ
ಒಂದು ಕೊನೇ ಆಟ ಹೇಳಿಕೊಡುತ್ತೇನೆ. ನಿಮ್ಮ ಹರಳಲ್ಲಿ ಬೇಡ. ಅದೇ ಜಾಗದಲ್ಲಿ ಮಾಮೂಲಿ ಬಿಳಿ ಬೆಣಚುಕಲ್ಲು ಸಿಕ್ಕರೆ ಎರಡು ತಗೊಳ್ಳಿ. ರಾತ್ರಿ ಪೂರ್ತಿ ಕತ್ತಲೆಯ ಕೋಣೆಯಲ್ಲಿ ಹತ್ತು ನಿಮಿಷ ಕೂತು ಕಣ್ಣು ಹೊಂದಿಕೊಳ್ಳಲಿ. ಆಮೇಲೆ ಎರಡನ್ನೂ ನೀರಲ್ಲಿ ಅದ್ದಿ, ಗಟ್ಟಿಯಾಗಿ ಒಂದಕ್ಕೊಂದು ಉಜ್ಜಿ. ನೀರಿದ್ದರೆ ಧೂಳು ಏಳುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ.

ಕಲ್ಲುಹಾದಿ
ಈಗಷ್ಟೇ ಮಾಡಿ ಬಂದೆ. ಬಕೆಟ್ ನೀರಿನೊಳಗೇ ಉಜ್ಜಿದೆ. ಮೊದಲ ಎರಡು ಸಲ ಏನೂ ಇಲ್ಲ. ಮೂರನೇ ಸಲ ಜೋರಾಗಿ ಒತ್ತಿ ಎಳೆದೆ. ಕಿಡಿಯಲ್ಲ, ಕಲ್ಲಿನ ಒಳಗೇ ಕಿತ್ತಳೆ ಬಣ್ಣದ ಬೆಳಕು ಮಿಂಚಿ ಹೋಯಿತು. ನೀರೊಳಗೂ! ಮಗಳನ್ನು ಎಬ್ಬಿಸಿ ತೋರಿಸಿದೆ. ಅವಳು ಕಲ್ಲು ಮುಟ್ಟಿ ನೋಡಿ, ಬಿಸಿ ಇಲ್ವಲ್ಲಪ್ಪಾ, ಮತ್ತೆ ಬೆಳಕು ಹೇಗೆ ಬಂತು ಅಂತ ಕೇಳುತ್ತಿದ್ದಾಳೆ. ನಾನು ಏನು ಹೇಳಲಿ?

ಶಿಲಾಪಾಠ
ಉಜ್ಜಿದಾಗ ಆ ಬಿಗಿ ಹೆಣಿಗೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಕಟ್ಟು ಮುರಿದಾಗ ಬಿಡುಗಡೆಯಾದ ಶಕ್ತಿಯಲ್ಲಿ ಒಂದು ಪಾಲು ಬೆಳಕಾಗಿ ಬರುತ್ತದೆ ಅಂತ ಹೇಳಿ. ನಾಳೆ ಬೆಳಿಗ್ಗೆ ಗುಳ್ಳೆ ಓಡುವುದನ್ನೂ ತೋರಿಸಿ. ಅವಳು ಕೇಳುವ ಮುಂದಿನ ಪ್ರಶ್ನೆಯನ್ನು ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.